ನಿಮ್ಮ ದುಡ್ಡಿಗೆ ಎಕ್ಸ್‌ಪೈರಿ ಡೇಟ್ ಹಾಕಿದವರು ಯಾರು?



ಚನ್ನಗಿರಿ ತಾಲೂಕಿನ ಯಾವುದಾದ್ರೂ ರೀಚಾರ್ಜ್ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಬಸವಾಪಟ್ಟಣ ಆಗಲಿ, ಸಂತೇಬೆನ್ನೂರು ಆಗಲಿ. ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಕೀಪ್ಯಾಡ್ ಫೋನ್ ಹಿಡ್ಕೊಂಡು ಬಂದ ಅಜ್ಜಿ ಕೇಳ್ತಾರೆ, "ಅಲ್ಲಪ್ಪಾ, ಇದ್ರಾಗೆ ದುಡ್ಡು ಐತೆ ಅಂತೀಯ, ಮತ್ತೆ ಫೋನ್ ಯಾಕೆ ಹೋಗ್ತಿಲ್ಲ?" ಅಂಗಡಿ ಹುಡುಗ ತಲೆ ಎತ್ತದೇ ಹೇಳ್ತಾನೆ, "ದುಡ್ಡು ಐತೆ ಅಜ್ಜಿ, ವ್ಯಾಲಿಡಿಟಿ ಇಲ್ಲ."

ದುಡ್ಡು ಇದೆ, ವ್ಯಾಲಿಡಿಟಿ ಇಲ್ಲ. ಇದೇ ಮಾತನ್ನ ಬೇರೆ ಕಡೆ ಹೇಳಿ ನೋಡಿ. ಕಿರಾಣಿ ಅಂಗಡಿಗೆ ಹೋಗ್ತೀರಿ, ಜೇಬಿನಿಂದ ನೂರರ ನೋಟು ತೆಗೀತೀರಿ. ಅಂಗಡಿಯವನು, "ನೋಟೇನೋ ಸರಿ ಇದೆ ಯಜಮಾನ್ರೇ, ಆದ್ರೆ ನೀವು ಇದನ್ನ ಜೇಬಲ್ಲಿ ಇಟ್ಕೊಂಡು 28 ದಿನ ಆಯ್ತು, ನಡೆಯಲ್ಲ" ಅಂದ್ರೆ ಸುಮ್ಮನೆ ಬರ್ತೀರಾ? ಬರಲ್ಲ. ಆದ್ರೆ ಮೊಬೈಲ್ ವಿಷಯದಲ್ಲಿ ನಾವೆಲ್ಲ ಸುಮ್ಮನೆ ಬರ್ತಿದ್ದೀವಿ. ಮೂವತ್ತು ರೂಪಾಯಿ, ಐವತ್ತು ರೂಪಾಯಿ ತಾನೇ, ಹೋದ್ರೆ ಹೋಗಲಿ ಅಂತ ಬಿಡ್ತೀವಿ. ನಿಮ್ಮ ಮೂವತ್ತು ರೂಪಾಯಿ ನಿಮಗೆ ಚಿಕ್ಕದು. ಕೋಟಿಗಟ್ಟಲೆ ಗ್ರಾಹಕರು ಇರೋ ಕಂಪನಿಗೆ ಅದು ಚಿಕ್ಕದಲ್ಲ.

ಹಾಗಂತ ಇವತ್ತು ಬರೀ ಬೈಯೋಕೆ ಕೂತಿಲ್ಲ. ನಮ್ಮ ದುಡ್ಡು ಯಾವುದು, ನಮ್ಮದಲ್ಲದ್ದು ಯಾವುದು, ಕಾನೂನು ಎಲ್ಲಿವರೆಗೆ ನಮ್ಮ ಜೊತೆ ಇದೆ, ಎಲ್ಲಿ ಕೈ ಬಿಡುತ್ತೆ, ಇದನ್ನ ಬಿಡಿಸಿ ನೋಡೋಣ.

ಮೊದಲನೇ ವಿಷಯ. ನಿಮ್ಮ ಫೋನಿನಲ್ಲಿ ಇರೋದು ಒಂದು ಜೇಬಲ್ಲ, ಎರಡು ಜೇಬು. ಇದು ಗೊತ್ತಿಲ್ಲದೇ ಇರೋದಕ್ಕೇ ಅರ್ಧ ನಷ್ಟ ಆಗ್ತಿದೆ.

ಸೂಳೆಕೆರೆ ಸೀಮೆಯ ರೈತರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಭದ್ರಾ ನಾಲೆಯಲ್ಲಿ ಸರದಿ ಪ್ರಕಾರ ನೀರು ಬರುತ್ತೆ. ನಿಮ್ಮ ಸರದಿ ಬಂದಾಗ ಹಾಯಿಸಿಕೊಂಡರೆ ಬಂತು. ಇಲ್ಲ ಅಂದ್ರೆ ನೀರು ಮುಂದಕ್ಕೆ ಹೋಯ್ತು. ಹೋದ ವಾರದ ನನ್ನ ಪಾಲಿನ ನೀರು ಈ ವಾರ ಕೊಡಿ ಅಂತ ನಾಲೆ ಮುಂದೆ ನಿಂತು ಕೇಳೋಕೆ ಆಗಲ್ಲ. ಕೆರೆ ನೀರು ಹಾಗಲ್ಲ. ಎರಡು ಗುಡ್ಡದ ನಡುವೆ ಹರಿದ್ರಾ ಹಳ್ಳಕ್ಕೆ ಶತಮಾನಗಳ ಹಿಂದೆ ಏರಿ ಕಟ್ಟಿದರಲ್ಲ, ಯಾತಕ್ಕೆ? ಇವತ್ತಿನ ನೀರು ನಾಳೆಗೂ ಇರಲಿ ಅಂತ. ಸಿದ್ದನ ತೂಬು, ಬಸವನ ತೂಬು ಅಂತ ಎರಡು ತೂಬು ಇಟ್ಟರಲ್ಲ, ಯಾತಕ್ಕೆ? ಬೇಕಾದಾಗ ಬೇಕಾದಷ್ಟು ಬಿಟ್ಟುಕೊಳ್ಳಲಿ ಅಂತ.

ಮೊಬೈಲಿನಲ್ಲಿ ನೀವು ಹಾಕಿಸೋ ಪ್ಯಾಕ್ ನಾಲೆ ನೀರು. 28 ದಿನ ಅನ್‌ಲಿಮಿಟೆಡ್ ಕಾಲ್, ದಿನಕ್ಕೆ ಒಂದೂವರೆ ಜಿಬಿ. ಬಳಸಿದ್ರೆ ನಿಮ್ಮದು. ರಾತ್ರಿ ಹನ್ನೆರಡು ಹೊಡೀತು, ಉಳಿದಿದ್ದ ಡೇಟಾ ಹೋಯ್ತು. 28ನೇ ದಿನ ಮುಗೀತು, ಪ್ಯಾಕ್ ಹೋಯ್ತು. ಆದ್ರೆ ನೀವು ಹಾಕಿಸೋ ಟಾಪ್-ಅಪ್, ಅಂದ್ರೆ ಮೇನ್ ಬ್ಯಾಲೆನ್ಸ್‌ಗೆ ಬೀಳೋ ದುಡ್ಡು, ಅದು ಕೆರೆ ನೀರು. ಇದು ನನ್ನ ಮಾತಲ್ಲ, ನಿಯಮದ ಮಾತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನಾವೆಲ್ಲ ಟ್ರಾಯ್ ಅಂತೀವಲ್ಲ, ಅದು 2012ರಲ್ಲಿ ತಂದ ಗ್ರಾಹಕ ರಕ್ಷಣಾ ನಿಯಮಾವಳಿಯ ಪ್ರಕಾರ ಟಾಪ್-ಅಪ್ ವೋಚರ್‌ಗೆ ವ್ಯಾಲಿಡಿಟಿ ಮಿತಿ ಹಾಕುವ ಹಾಗಿಲ್ಲ. ಅದಕ್ಕೆ ಕೊನೇ ದಿನಾಂಕ ಇಲ್ಲ.

ಲೆಕ್ಕವನ್ನೂ ಹೇಳಿಬಿಡ್ತೀನಿ. ಹತ್ತು ರೂಪಾಯಿ ಟಾಪ್-ಅಪ್ ಹಾಕಿಸಿದ್ರೆ 7 ರೂಪಾಯಿ 47 ಪೈಸೆ ಬರುತ್ತೆ. 18 ಪರ್ಸೆಂಟ್ ಜಿಎಸ್‌ಟಿ ಕಳೆದ್ರೆ 8 ರೂಪಾಯಿ 47 ಪೈಸೆ, ಅದರಲ್ಲಿ ಒಂದು ರೂಪಾಯಿ ಪ್ರೊಸೆಸಿಂಗ್ ಫೀ. ನೂರು ರೂಪಾಯಿಗೆ 81 ರೂಪಾಯಿ 75 ಪೈಸೆ. ಅಂದ್ರೆ ತೆರಿಗೆ ಕೊಟ್ಟಾಯ್ತು, ಫೀ ಕೊಟ್ಟಾಯ್ತು, ಆಮೇಲೆ ಉಳಿದಿದ್ದು ನಿಮ್ಮ ದುಡ್ಡು. ಪೂರ್ತಿ ನಿಮ್ಮ ದುಡ್ಡು.

ಹಾಗಾದ್ರೆ ಆ ಅಜ್ಜಿ ದುಡ್ಡು ಯಾಕೆ ಕೆಲಸ ಮಾಡ್ತಿಲ್ಲ?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯ್ತು. 2005-06ರ ಹೊತ್ತಿಗೆ ಲೈಫ್‌ಟೈಮ್ ಪ್ಲಾನ್‌ಗಳು ಬಂದವು. ಒಂದು ಸಲ ಕಟ್ಟಿ, ಜೀವನ ಪೂರ್ತಿ ಇನ್‌ಕಮಿಂಗ್ ಅಂತ ಗೋಡೆ ಗೋಡೆ ಮೇಲೆ ಬರೆಸಿದ್ರು. ಹಳ್ಳಿ ಕಡೆ ಲಕ್ಷಾಂತರ ಜನ ಸಿಮ್ ತಗೊಂಡಿದ್ದೇ ಆ ಮಾತು ನಂಬಿ. ಹತ್ತು ರೂಪಾಯಿ ಹಾಕಿಸ್ಕೊಂಡು, ಮಿಸ್ಡ್ ಕಾಲ್ ಕೊಟ್ಕೊಂಡು ತಿಂಗಳುಗಟ್ಟಲೆ ಸಂಸಾರ ನಡೆಸಿದ ದೇಶ ಇದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಆಟದ ರೂಲ್ಸೇ ಬದಲಾಯ್ತು. ನಿಮಿಷದ ಲೆಕ್ಕ ಹೋಗಿ ದಿನದ ಲೆಕ್ಕ ಬಂತು. 2018ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ ಎರಡೂ ಕಂಪನಿಗಳು ಕನಿಷ್ಠ ರೀಚಾರ್ಜ್ ಅನ್ನೋದನ್ನ ತಂದವು. 28 ದಿನಕ್ಕೆ 35 ರೂಪಾಯಿಯಿಂದ ಶುರು. ಹಾಕಿಸಿಲ್ಲ ಅಂದ್ರೆ ಮೊದಲು ಔಟ್‌ಗೋಯಿಂಗ್ ಬಂದ್, ಆಮೇಲೆ ಇನ್‌ಕಮಿಂಗೂ ಬಂದ್.

ಆಗ ಜನ ಟ್ರಾಯ್‌ಗೆ ದೂರು ಕೊಟ್ಟರು. ನಮ್ಮ ಅಕೌಂಟಲ್ಲಿ ಸಾಕಷ್ಟು ದುಡ್ಡಿದೆ, ಆದ್ರೂ ಮತ್ತೆ ರೀಚಾರ್ಜ್ ಮಾಡಿಸಿ ಅಂತ ಮೆಸೇಜ್ ಬರ್ತಿದೆ ಅಂತ. 2018ರ ನವೆಂಬರ್‌ನಲ್ಲಿ ಟ್ರಾಯ್ ಕಂಪನಿಗಳಿಗೆ ಸೂಚನೆ ಕೊಡ್ತು. ವ್ಯಾಲಿಡಿಟಿ ಯಾವತ್ತು ಮುಗಿಯುತ್ತೆ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಿ. ಅವರ ಮುಂದೆ ಯಾವ್ಯಾವ ದಾರಿ ಇದೆ ಅಂತ ತಿಳಿಸಿ. ಇರೋ ಬ್ಯಾಲೆನ್ಸ್‌ನಲ್ಲೇ ಕನಿಷ್ಠ ಪ್ಯಾಕ್ ತಗೊಳ್ಳೋ ದಾರಿಯನ್ನೂ ತಿಳಿಸಿ.

ಈ ಕೊನೇ ಸಾಲನ್ನ ಗಮನಿಸಿ. ಇರೋ ಬ್ಯಾಲೆನ್ಸ್‌ನಲ್ಲೇ ಪ್ಯಾಕ್. ನಿಮ್ಮಲ್ಲಿ ಎಷ್ಟು ಜನ ಇದನ್ನ ಕೇಳಿದ್ದೀರಿ? ಮೇನ್ ಬ್ಯಾಲೆನ್ಸ್‌ನಲ್ಲಿ ನೂರಿನ್ನೂರು ರೂಪಾಯಿ ಸುಮ್ಮನೆ ಬಿದ್ದಿರುತ್ತೆ, ಪಕ್ಕದಲ್ಲಿ ಹೊಸದಾಗಿ ಇನ್ನೂರು ಕೊಟ್ಟು ರೀಚಾರ್ಜ್ ಮಾಡಿಸ್ತೀವಿ. ಹಳೇದು ಹಾಗೇ ಕೊಳೆಯುತ್ತೆ.

ಇನ್ನು ಆ 28 ದಿನದ ಕಥೆ. ವರ್ಷಕ್ಕೆ ಎಷ್ಟು ತಿಂಗಳು? ಹನ್ನೆರಡು. 28 ದಿನದ ಪ್ಯಾಕ್ ವರ್ಷಕ್ಕೆ ಎಷ್ಟು ಸಲ ಹಾಕಿಸಬೇಕು? 28 ಇಂಟು 13, 364. ಹದಿಮೂರು ಸಲ! ಸಂಬಳ ಹನ್ನೆರಡು ಸಲ, ರೀಚಾರ್ಜ್ ಹದಿಮೂರು ಸಲ. ಇದರ ಮೇಲೂ ದೂರು ಹೋಯ್ತು. 2022ರ ಜನವರಿಯಲ್ಲಿ ಟ್ರಾಯ್ ಆದೇಶ ಮಾಡ್ತು, ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಇಡಬೇಕು, ಪ್ರತಿ ತಿಂಗಳು ಅದೇ ತಾರೀಕಿಗೆ ಬರೋ ಪ್ಲಾನ್ ಕೂಡ ಇಡಬೇಕು. ಇಟ್ಟಿದ್ದಾರೆ. ನೀವು ಕೇಳಿದ್ರೆ ಮಾತ್ರ ಸಿಗುತ್ತೆ. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ತಿದ್ದುಪಡಿ ಬಂತು. ಡೇಟಾ ಬೇಡ ಅನ್ನೋರಿಗೆ ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರೋ ಪ್ಯಾಕ್ ಇಡಲೇಬೇಕು. ಸ್ಪೆಷಲ್ ಪ್ಯಾಕ್‌ಗಳಿಗೆ ಮುಂಚೆ 90 ದಿನದ ಮಿತಿ ಇತ್ತು, ಅದನ್ನ 365 ದಿನಕ್ಕೆ ಏರಿಸಿದ್ರು. ಕೀಪ್ಯಾಡ್ ಫೋನ್ ಇಟ್ಕೊಂಡಿರೋ ಅಪ್ಪ ಅಮ್ಮನಿಗೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸೋದು ಅಂದ್ರೆ, ಸೈಕಲ್ ಇರೋರಿಗೆ ಪೆಟ್ರೋಲ್ ಕೊಡಿಸಿದ ಹಾಗೆ. ಅದು ಪ್ರತಿ ರಾತ್ರಿ ಹನ್ನೆರಡು ಗಂಟೆಗೆ ಮಣ್ಣಿಗೆ ಹೋಗುತ್ತೆ.

ಈಗ ಬರೋಣ ದೊಡ್ಡ ಅಪಾಯಕ್ಕೆ. ದುಡ್ಡು ಹೋಗೋದು ಒಂದು ಕಡೆ, ನಂಬರೇ ಹೋದ್ರೆ?

ಸೂಳೆಕೆರೆ ಇರೋ ಇದೇ ಚನ್ನಗಿರಿ ತಾಲೂಕಿನಲ್ಲಿ ಹಕ್ಕಿಪಿಕ್ಕಿ ಸಮುದಾಯದವರು ಇದ್ದಾರೆ. ಗಿಡಮೂಲಿಕೆ, ತಲೆಗೂದಲ ಎಣ್ಣೆ ಇಂಥವನ್ನ ಮಾರೋಕೆ ಆಫ್ರಿಕಾ ದೇಶಗಳಿಗೆ ಹೋಗ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರಲ್ಲಿ ಚನ್ನಗಿರಿ ಕಡೆಯವರೂ ಇದ್ದರು. ಆಪರೇಷನ್ ಕಾವೇರಿಯಲ್ಲಿ ಸುಡಾನ್‌ನಿಂದ ಭಾರತೀಯರನ್ನ ಕರೆತಂದಿದ್ದು ನಿಮಗೆ ನೆನಪಿರಬೇಕು. ಹೀಗೆ ತಿಂಗಳುಗಟ್ಟಲೆ ಊರು ಬಿಟ್ಟು ಇರೋರ ಸಿಮ್ ಏನಾಗುತ್ತೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಗಲ್ಫ್‌ಗೆ ಹೋದವರು, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಊರಿನ ಸಿಮ್ಮನ್ನ ಡಬ್ಬಿಯಲ್ಲಿ ಇಟ್ಟ ಜಗಳೂರಿನ ಹುಡುಗರು, ಎಲ್ಲರಿಗೂ ಇದೇ ಪ್ರಶ್ನೆ.

ನಿಯಮ ಹೀಗಿದೆ. 2013ರ ಮಾರ್ಚ್‌ನಿಂದ ಜಾರಿಯಲ್ಲಿದೆ. 90 ದಿನ ಒಂದು ಕಾಲೂ ಇಲ್ಲ, ಮೆಸೇಜೂ ಇಲ್ಲ, ಡೇಟಾನೂ ಇಲ್ಲ ಅಂದ್ರೆ ಮಾತ್ರ ಪ್ರಿಪೇಯ್ಡ್ ನಂಬರ್ ರದ್ದು ಮಾಡಬಹುದು. ಅದಕ್ಕಿಂತ ಮುಂಚೆ ಮಾಡುವ ಹಾಗಿಲ್ಲ. 90 ದಿನ ಆದ್ಮೇಲೂ ಮೇನ್ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ರೆ ನಂಬರ್ ರದ್ದಾಗಲ್ಲ. 20 ರೂಪಾಯಿ ಕಡಿತ ಆಗಿ 30 ದಿನ ಮುಂದಕ್ಕೆ ಹೋಗುತ್ತೆ. ಮತ್ತೆ 20 ಇದ್ರೆ ಮತ್ತೆ 30 ದಿನ. ದುಡ್ಡು ಮುಗಿದು ನಂಬರ್ ನಿಂತ ಮೇಲೂ 15 ದಿನದ ಗ್ರೇಸ್ ಅವಧಿ ಇದೆ, ಅದರೊಳಗೆ ವಾಪಸ್ ಪಡೀಬಹುದು.

ಲೆಕ್ಕ ಹಾಕಿ. ಊರು ಬಿಡೋಕೆ ಮುಂಚೆ ನೂರು ರೂಪಾಯಿ ಟಾಪ್-ಅಪ್ ಹಾಕಿಸಿದ್ರಿ, 81 ರೂಪಾಯಿ 75 ಪೈಸೆ ಬಂತು. ಮೊದಲ 90 ದಿನ ಹಾಗೇ ಇರುತ್ತೆ. ಆಮೇಲೆ ನಾಲ್ಕು ಸಲ ಇಪ್ಪತ್ತಿಪ್ಪತ್ತು ಹೋದ್ರೆ 120 ದಿನ. ಒಟ್ಟು 210 ದಿನ, ಏಳು ತಿಂಗಳು. ನೂರು ರೂಪಾಯಿಯಲ್ಲಿ ಏಳು ತಿಂಗಳು ನಂಬರ್ ಉಳಿಯುತ್ತೆ. ಆದ್ರೆ ಇದು ನಂಬರ್ ಉಳಿಸ್ಕೊಳ್ಳೋಕೆ ಇರೋ ನಿಯಮ. ಪ್ಯಾಕ್ ಇಲ್ಲದೇ ಕಾಲ್ ಬರುತ್ತೆ, ಓಟಿಪಿ ಬರುತ್ತೆ ಅನ್ನೋ ಗ್ಯಾರಂಟಿ ಇದರಲ್ಲಿ ಇಲ್ಲ. ಅದಕ್ಕೇ ಹೊರಡೋ ಮುಂಚೆ ನಿಮ್ಮ ಕಂಪನಿಗೆ ಫೋನ್ ಮಾಡಿ, ನನ್ನ ಪ್ಲಾನ್‌ನಲ್ಲಿ ಇದು ಹೇಗೆ ನಡೆಯುತ್ತೆ ಅಂತ ಒಂದು ಸಲ ಖಚಿತ ಮಾಡ್ಕೊಳ್ಳಿ. ಬ್ಯಾಂಕ್ ಕೆಲಸ ಇದ್ದವರು ಒಂದು ಉದ್ದದ ಪ್ಯಾಕೇ ಹಾಕಿಸಿ ಹೋಗೋದು ವಾಸಿ.

ಯಾಕಂದ್ರೆ ಇವತ್ತು ನಂಬರ್ ಅಂದ್ರೆ ಬರೀ ನಂಬರ್ ಅಲ್ಲ. ಆಧಾರ್ ಅದಕ್ಕೆ ಲಿಂಕ್, ಬ್ಯಾಂಕ್ ಅದಕ್ಕೆ ಲಿಂಕ್, ಗ್ಯಾಸ್ ಬುಕಿಂಗ್ ಅದರಲ್ಲೇ. ಅಡಿಕೆ ಬೆಳೆಗಾರನ ಬ್ಯಾಂಕ್ ಮೆಸೇಜ್ ಬರೋದೂ ಅದಕ್ಕೇ, ಗೃಹಲಕ್ಷ್ಮಿ ದುಡ್ಡು ಬಿತ್ತು ಅಂತ ಹೆಣ್ಣುಮಕ್ಕಳಿಗೆ ಗೊತ್ತಾಗೋದೂ ಅದರಿಂದಲೇ. ರದ್ದಾದ ನಂಬರ್ ಕಸದ ಬುಟ್ಟಿಗೆ ಹೋಗಲ್ಲ. ಕನಿಷ್ಠ 90 ದಿನ ಯಾರಿಗೂ ಕೊಡಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಟ್ರಾಯ್ ಹೇಳಿದೆ. ಅಂದ್ರೆ 90 ದಿನ ಆದ್ಮೇಲೆ ಬೇರೆಯವರಿಗೆ ಕೊಡಬಹುದು. ನಿಮ್ಮ ಓಟಿಪಿ ಯಾರೋ ಗುರುತಿಲ್ಲದವರ ಫೋನಿಗೆ ಬರುತ್ತೆ. ಇಪ್ಪತ್ತು ರೂಪಾಯಿ ಉದಾಸೀನ ಎಲ್ಲಿಗೆ ಮುಟ್ಟುತ್ತೆ ನೋಡಿ.

ಹಾಗಾದ್ರೆ ಏನು ಮಾಡಬೇಕು? ಒಂದೊಂದಾಗಿ ಹೇಳ್ತೀನಿ, ಬೇಕಾದ್ರೆ ಬರ್ಕೊಳ್ಳಿ.

ಒಂದು, ತಿಂಗಳಿಗೊಮ್ಮೆ ಎರಡೂ ಜೇಬು ನೋಡಿ. ಪ್ಯಾಕ್ ಯಾವತ್ತು ಮುಗಿಯುತ್ತೆ, ಮೇನ್ ಬ್ಯಾಲೆನ್ಸ್ ಎಷ್ಟಿದೆ. ಕಂಪನಿ ಆ್ಯಪ್‌ನಲ್ಲಿ ಕಾಣುತ್ತೆ. ಕೀಪ್ಯಾಡ್ ಫೋನಿನವರಿಗೆ ಮನೆಯಲ್ಲಿರೋ ಹುಡುಗರು ನೋಡಿ ಹೇಳಬೇಕು.

ಎರಡು, ಮೇನ್ ಬ್ಯಾಲೆನ್ಸ್ ಇದ್ರೆ ಮುಂದಿನ ಪ್ಯಾಕನ್ನ ಅದರಿಂದಲೇ ಹಾಕಿ ಅಂತ ಕೇಳಿ. ಅಂಗಡಿಯವನಿಗೆ ಆಗಲ್ಲ, ಅವನಿಗೆ ಅದರಲ್ಲಿ ಕಮಿಷನ್ ಇಲ್ಲ. ಆ್ಯಪ್‌ನಲ್ಲಿ ನೋಡಿ, ಇಲ್ಲ ಕಸ್ಟಮರ್ ಕೇರ್‌ಗೆ ಕೇಳಿ.

ಮೂರು, ಪ್ಯಾಕ್ ಮುಗಿಯೋಕೆ ಮುಂಚೆ ಹೊಸದು ಹಾಕಿಸೋದಾದ್ರೆ, ಹಳೇ ಪ್ಯಾಕಿನ ಉಳಿದ ದಿನ ಇರುತ್ತಾ, ಹೊಸದು ಕ್ಯೂನಲ್ಲಿ ನಿಲ್ಲುತ್ತಾ ಅಂತ ಕೇಳಿಯೇ ದುಡ್ಡು ಕೊಡಿ.

ನಾಲ್ಕು, ಕಂಪನಿ ಬದಲಾಯಿಸೋರು, ಅಂದ್ರೆ ಪೋರ್ಟ್ ಮಾಡೋರು, ಇದನ್ನ ಮರೀಬೇಡಿ. ನಂಬರ್ ನಿಮ್ಮ ಜೊತೆ ಬರುತ್ತೆ, ಬ್ಯಾಲೆನ್ಸ್ ಬರಲ್ಲ. ಹಳೇ ಕಂಪನಿಯಲ್ಲಿ ಉಳಿದಿರೋ ದುಡ್ಡು ಅಲ್ಲೇ ಮುಳುಗುತ್ತೆ. ಮೊದಲು ಖಾಲಿ ಮಾಡಿ, ಪ್ಯಾಕ್ ಕೊನೇ ದಿನಕ್ಕೆ ಬಂದಾಗ 1900ಕ್ಕೆ ಪೋರ್ಟ್ ಮೆಸೇಜ್ ಕಳಿಸಿ.

ಐದು, ನೀವು ಮುಟ್ಟದೇ ಇದ್ರೂ ಬ್ಯಾಲೆನ್ಸ್ ಕರಗ್ತಾ ಇದ್ರೆ ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್ ಅಂತ ಏನೋ ಅಂಟ್ಕೊಂಡಿರುತ್ತೆ. 155223, ಇದು ಟೋಲ್-ಫ್ರೀ ನಂಬರ್. ಅಲ್ಲಿ ಹೇಳಿ ನಿಲ್ಲಿಸಿ.

ಆರು, ದುಡ್ಡು ತಪ್ಪಾಗಿ ಕಟ್ ಆಗಿದ್ರೆ 198ಕ್ಕೆ ದೂರು ಕೊಡಿ, ಡಾಕೆಟ್ ನಂಬರ್ ಕೇಳಿ ಬರ್ಕೊಳ್ಳಿ. ಅಲ್ಲಿ ಕೆಲಸ ಆಗಿಲ್ಲ ಅಂದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ ಇದೆ, ಫೀಸ್ ಇಲ್ಲ. ಅದೂ ಆಗಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇಷ್ಟು ನಮ್ಮ ಕೈಯಲ್ಲಿ ಇರೋದು. ಈಗ ನಮ್ಮ ಕೈಯಲ್ಲಿ ಇಲ್ಲದ್ದು.

ಕಂಪನಿಯವರ ವಾದವನ್ನೂ ಕೇಳಬೇಕು. ನಾನೂ ಇಂಜಿನಿಯರಿಂಗ್ ಓದಿಯೇ ಈ ಕುರ್ಚಿಗೆ ಬಂದಿದ್ದು, ಆ ವಾದದಲ್ಲಿ ಹುರುಳಿದೆ ಅಂತ ಒಪ್ತೀನಿ. ಟವರ್‌ನ ಇವತ್ತಿನ ಸಾಮರ್ಥ್ಯವನ್ನ ನಾಳೆಗೆ ಎತ್ತಿಡೋಕೆ ಆಗಲ್ಲ. ದಾವಣಗೆರೆ ಬಸ್ಸಿನಲ್ಲಿ ಇವತ್ತು ಖಾಲಿ ಹೋದ ಸೀಟನ್ನ ನಾಳೆ ಮಾರೋಕೆ ಆಗಲ್ಲ ನೋಡಿ, ಹಾಗೆ. ಇನ್ನೊಂದು, ಹತ್ತಂಕಿಯ ನಂಬರ್‌ಗಳಿಗೂ ಮಿತಿ ಇದೆ. ಯಾರೂ ಬಳಸದ ನಂಬರನ್ನ ಎಷ್ಟು ದಿನ ಅಂತ ಇಟ್ಕೊಳ್ಳೋದು? ಸರಿ, ಎರಡೂ ಸರಿ.

ಆದ್ರೆ ಈ ವಾದ ಪ್ಯಾಕ್‌ಗೆ ಒಪ್ಪುತ್ತೆ, ನಂಬರ್‌ಗೆ ಒಪ್ಪುತ್ತೆ. ದುಡ್ಡಿಗೆ ಒಪ್ಪಲ್ಲ. ಮೇನ್ ಬ್ಯಾಲೆನ್ಸ್ ಅಂದ್ರೆ ಟವರ್ ಸಾಮರ್ಥ್ಯ ಅಲ್ಲ, ನಾವು ಮುಂಗಡ ಕಟ್ಟಿದ ರೂಪಾಯಿ. ನಂಬರ್ ವಾಪಸ್ ತಗೊಳ್ಳಿ, ಅದರ ಜೊತೆ ರೂಪಾಯಿ ಯಾಕೆ ತಗೋತೀರಿ?

ಬ್ಯಾಂಕ್ ನೋಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನ ಬ್ಯಾಂಕ್ ನುಂಗೋ ಹಾಗಿಲ್ಲ. ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸಬೇಕು. 2014ರಿಂದ ಆ ವ್ಯವಸ್ಥೆ ಇದೆ. ಅಲ್ಲಿಗೆ ಹೋದ್ಮೇಲೂ ಠೇವಣಿದಾರ, ಇಲ್ಲ ಅವನ ಮಕ್ಕಳು ಬಂದು ಕೇಳಿದ್ರೆ ಕೊಡಬೇಕು. ಎಲ್ಲಿ ಯಾರ ದುಡ್ಡು ಬಿದ್ದಿದೆ ಅಂತ ಹುಡುಕೋಕೆ 2023ರಲ್ಲಿ ಉದ್ಗಮ್ ಅಂತ ಪೋರ್ಟಲ್ಲೇ ಮಾಡಿದ್ರು. ಬ್ಯಾಂಕಲ್ಲಿ ಹತ್ತು ವರ್ಷ ಆದ್ರೂ ದುಡ್ಡು ನಮ್ಮದು. ಮೊಬೈಲಲ್ಲಿ ಕೆಲವೇ ತಿಂಗಳಿಗೆ ಪರರದ್ದು!

ವಾಪಸ್ ಕೊಡೋಕೆ ಸಾಧ್ಯವೇ ಇಲ್ಲ ಅಂತಾರಾ? 2018ರಲ್ಲಿ ಏರ್‌ಸೆಲ್ ದಿವಾಳಿ ಆದಾಗ, ಪ್ರಿಪೇಯ್ಡ್ ಗ್ರಾಹಕರ ಬಳಕೆಯಾಗದ ಬ್ಯಾಲೆನ್ಸ್ ಹಿಂದಿರುಗಿಸಿ ಅಂತ ಟ್ರಾಯ್ ಹೇಳಿತ್ತು. ಅಂದ್ರೆ ಅದು ಗ್ರಾಹಕರ ದುಡ್ಡು ಅನ್ನೋದನ್ನ ಒಪ್ಪಿದ ಹಾಗಾಯ್ತಲ್ಲ? ಕಂಪನಿ ಸತ್ತಾಗ ನಮ್ಮ ದುಡ್ಡು ನಮ್ಮದು, ಕಂಪನಿ ಬದುಕಿದ್ದಾಗ ಅಲ್ಲ. ಇದು ಯಾವ ನ್ಯಾಯ?

ಡೇಟಾ ವಿಷಯಕ್ಕೂ ದಾರಿ ಇದೆ. ದಕ್ಷಿಣ ಆಫ್ರಿಕಾದಲ್ಲಿ ಜನ ಗಲಾಟೆ ಮಾಡಿದ್ರು. 2019ರಿಂದ ಅಲ್ಲಿ ನಿಯಮವೇ ಬಂತು. ಉಳಿದ ಡೇಟಾ ಮುಂದಕ್ಕೆ ಒಯ್ಯೋಕೆ ಅವಕಾಶ ಕೊಡಬೇಕು, ಅದೇ ಕಂಪನಿಯ ಬೇರೆ ಗ್ರಾಹಕನಿಗೆ ದಾಟಿಸೋಕೂ ಅವಕಾಶ ಕೊಡಬೇಕು. ಅರ್ಧ ಮುಗಿದಾಗ, 80 ಪರ್ಸೆಂಟ್ ಮುಗಿದಾಗ, ಪೂರ್ತಿ ಮುಗಿದಾಗ ಮೆಸೇಜ್ ಕಳಿಸಬೇಕು. ನಮ್ಮಲ್ಲೂ ವಿ ಕಂಪನಿ ಕೆಲವು ಪ್ರಿಪೇಯ್ಡ್ ಪ್ಯಾಕ್‌ಗಳಲ್ಲಿ ವಾರದ ದಿನ ಉಳಿದ ಡೇಟಾವನ್ನ ಶನಿವಾರ, ಭಾನುವಾರ ಬಳಸೋಕೆ ಬಿಟ್ಟಿತು. ಅಂದ್ರೆ ತಾಂತ್ರಿಕವಾಗಿ ಆಗಲ್ಲ ಅನ್ನೋ ಮಾತು ಮುಗೀತು. ಮನಸ್ಸು ಇದೆಯಾ ಇಲ್ಲವಾ ಅನ್ನೋದಷ್ಟೇ ಉಳೀತು.

ನಾವು ಕೇಳಬೇಕಾದ್ದು ಮೂರೇ. ಪ್ಯಾಕ್ ಮುಗಿಯೋ ಮುಂಚೆ, ನಂಬರ್ ರದ್ದಾಗೋ ಮುಂಚೆ, ನಿಮ್ಮ ಇಷ್ಟು ರೂಪಾಯಿ ಬಾಕಿ ಇದೆ ಅಂತ ಕನ್ನಡದಲ್ಲಿ ಮೆಸೇಜ್ ಬರಲಿ. ಆ ಬಾಕಿಯಲ್ಲೇ ಪ್ಯಾಕ್ ಹಾಕ್ಕೊಳ್ಳೋಕೆ ಒಂದು ಸುಲಭದ ನಂಬರ್ ಇರಲಿ, ಕೀಪ್ಯಾಡ್ ಫೋನಲ್ಲೂ ಒತ್ತೋ ಹಾಗೆ. ಮತ್ತೆ ನಂಬರ್ ರದ್ದಾದ್ರೆ, ಪೋರ್ಟ್ ಆದ್ರೆ, ಉಳಿದ ರೂಪಾಯಿ ಮಾಲೀಕನ ಬ್ಯಾಂಕ್ ಖಾತೆಗೆ ಬರಲಿ. ಆಧಾರ್ ತಗೊಂಡೇ ಸಿಮ್ ಕೊಡ್ತೀರಲ್ಲ, ವಿಳಾಸ ಗೊತ್ತಿಲ್ಲ ಅಂತ ಹೇಳೋಕೆ ಆಗಲ್ಲ.

ಸೂಳೆಕೆರೆಯಲ್ಲಿ ಈ ವರ್ಷ ಬಳಸದ ನೀರು ಕೆರೆಯಲ್ಲೇ ಉಳಿಯುತ್ತೆ. ಏರಿ ಕಾಯೋರು ಅದನ್ನ ತಮ್ಮ ಮನೆಗೆ ಹೊತ್ಕೊಂಡು ಹೋಗಲ್ಲ. ಕಾಯೋದು ಬೇರೆ, ಮಾಲೀಕತ್ವ ಬೇರೆ. ಮೊಬೈಲ್ ಕಂಪನಿ ನಮ್ಮ ಮುಂಗಡ ದುಡ್ಡನ್ನ ಕಾಯ್ತಿದೆ ಅಷ್ಟೇ. ಈ ವ್ಯತ್ಯಾಸವನ್ನ ಕಾನೂನು ಬರೆದು ಹೇಳೋವರೆಗೆ, ಹೋಗಲಿ ಬಿಡು ಅಂತ ನಾವು ಬಿಟ್ಟಿದ್ದೆಲ್ಲ ಅವರ ಲೆಕ್ಕಕ್ಕೆ ಸೇರ್ತಾನೇ ಇರುತ್ತೆ.

ಇವತ್ತು ಊಟ ಆದ್ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಫೋನ್, ನಿಮ್ಮ ತಾಯಿ ಫೋನ್, ಡಬ್ಬಿಯಲ್ಲಿ ಇಟ್ಟಿರೋ ಆ ಹಳೇ ಸಿಮ್, ಮೂರರಲ್ಲೂ ಬ್ಯಾಲೆನ್ಸ್ ಎಷ್ಟಿದೆ ನೋಡಿ. ಕೂಡಿಸಿ. ಬಂದ ಮೊತ್ತವನ್ನ ಜೋರಾಗಿ ಓದಿ. ಆಮೇಲೂ ಹೋದ್ರೆ ಹೋಗಲಿ ಅನ್ಸಿದ್ರೆ, ಆಗ ಬಿಡಿ.